ಕನ್ನಡಕದ ನಂಬರೂ ಕಣ್ಣಿನ ಅಳತೆಯೂ

ಧಾರವಾಡ ಸೀಮೆಯ ಹಿರಿಯರ ಬಾಯಲ್ಲಿ ಕನ್ನಡಕಕ್ಕೆ ಚಾಳೀಸು ಎಂದು ಹೆಸರು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಪೇಟೆಯಲ್ಲಿ ಈ ಮಾತು ಇನ್ನೂ ಸತ್ತಿಲ್ಲ. ಮರಾಠಿಯ ನೆರೆಯಿಂದ ಬಂದ ಶಬ್ದವಿದು. ಚಾಳೀಸ ಎಂದರೆ ನಾಲ್ವತ್ತು. ನಾಲ್ವತ್ತು ತುಂಬಿದವನಿಗೆ ಬೇಕಾಗುವ ವಸ್ತುವಾದ್ದರಿಂದ ವಯಸ್ಸಿನ ಹೆಸರೇ ವಸ್ತುವಿಗೂ ಅಂಟಿಕೊಂಡಿತು. ಹೆಸರಿನ ಹಿಂದೆ ಒಂದು ತಿಳಿವಳಿಕೆಯೂ ಇದೆ. ಕಣ್ಣು ಮಂದವಾಗುವದು ಮುಪ್ಪಿನ ಹೊಸ್ತಿಲಲ್ಲಿ. ಅದಕ್ಕೆ ಮೊದಲು ಕಣ್ಣಿಗೆ ಗಾಜಿನ ಹಂಗು ಬೇಡ ಎಂಬುದು ಆ ತಿಳಿವಳಿಕೆ. ಆದುದರಿಂದಲೇ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಕನ್ನಡಕ ಹಾಕಿಕೊಂಡು ಓಣಿಯಲ್ಲಿ ಬಂದರೆ, “ಇಷ್ಟು ಸಣ್ಣ ಹುಡುಗಿಗೆ ಚಾಳೀಸು ಯಾಕ್ರೀ?” ಎಂದು ಕೇಳುವವರು ಇಂದಿಗೂ ಇದ್ದಾರೆ.

ಆ ಹುಡುಗಿಯ ಚೀಟಿಯಲ್ಲಿ ಡಾಕ್ಟರರು ‘–೨.೦೦’ ಎಂದು ಬರೆದಿರುತ್ತಾರೆ. ಮನೆಯವರು ಅದನ್ನು ಎರಡು ನಂಬರು ಎಂದು ಓದಿಕೊಳ್ಳುತ್ತಾರೆ. ಚಪ್ಪಲಿಗೆ ನಂಬರಿದೆ, ಪರೀಕ್ಷೆಗೆ ನಂಬರಿದೆ, ಕಣ್ಣಿಗೂ ಒಂದು ನಂಬರು ಎಂದು ಸುಮ್ಮನಾಗುತ್ತಾರೆ. ಎರಡು ಎಂದರೆ ಎರಡು ಏನು? ಸೇರೋ, ತೊಲೆಯೋ, ವರುಷವೋ? ಕೇಳಿದವರು ಕಡಮೆ. ನಿಜವಾಗಿ ಅದು ಒಂದು ದೂರ. ನೂಲು ಹಿಡಿದು ಅಳೆಯಬಹುದಾದಂಥ, ಮೊಳ-ಗೇಣುಗಳಲ್ಲಿ ಹೇಳಬಹುದಾದಂಥ ದೂರ. ಅದನ್ನು ತಲೆಕೆಳಗು ಮಾಡಿ ಬರೆದಿದ್ದಾರೆ, ಅಷ್ಟೆ. ಕನ್ನಡಕ ಹುಟ್ಟಿದ ಮೇಲೆ ಈ ಸಣ್ಣ ಸಂಗತಿ ಚೀಟಿಗೆ ಇಳಿಯಬೇಕಾದರೆ ಆರುನೂರು ವರ್ಷಗಳ ಹತ್ತಿರ ಹಿಡಿಯಿತು. ಆ ಕತೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಕತೆಯನ್ನು ನಮ್ಮ ನಾಡಿನಿಂದಲೇ ತೊಡಗಬಹುದು. ಬ್ಯಾಡಗಿ ತಾಲೂಕಿನ ಕಾಗಿನೆಲೆ ಕನಕದಾಸರ ಊರು. ಕನಕದಾಸರ ಗುರುಗಳು ವ್ಯಾಸರಾಯರು. ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾಗಿದ್ದ ಈ ಯತಿಗಳು ೧೫೩೯ರಲ್ಲಿ ವೃಂದಾವನಸ್ಥರಾದರು. ಅವರ ಕಾಲದವನೇ ಆದ ಸೋಮನಾಥನೆಂಬ ಕವಿ ಅವರ ಚರಿತ್ರೆಯನ್ನು ‘ವ್ಯಾಸಯೋಗಿಚರಿತ’ವೆಂಬ ಸಂಸ್ಕೃತ ಚಂಪೂಕಾವ್ಯವಾಗಿ ಬರೆದಿದ್ದಾನೆ. ಬಿ. ವೆಂಕೋಬರಾಯರು ೧೯೨೬ರಲ್ಲಿ ಇದನ್ನು ಬೆಂಗಳೂರಿನಿಂದ ಅಚ್ಚುಹಾಕಿಸಿದರು. ಅದರಲ್ಲಿ ವ್ಯಾಸರಾಯರು ಗ್ರಂಥವನ್ನು ನೋಡುವ ಪ್ರಸಂಗದಲ್ಲಿ ‘ಉಪಲೋಚನಗೋಲಕ’ವೆಂಬ ವಸ್ತುವಿನ ಪ್ರಸ್ತಾಪವಿದೆ. ಓದುವಾಗ ಅನೇಕರು ಅದನ್ನು ದಾಟಿಕೊಂಡು ಹೋಗಿರಬೇಕು. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಪಿ. ಕೆ. ಗೋಡೆಯವರು ಹಾಗೆ ದಾಟಲಿಲ್ಲ. ಭಾರತದಲ್ಲಿ ಕನ್ನಡಕದ ಇತಿಹಾಸವನ್ನು ಕುರಿತು ೧೯೪೭ರಲ್ಲಿ ಬರೆದ ಲೇಖನದಲ್ಲಿ ಅವರು ಈ ಪದವನ್ನು ಎತ್ತಿ ಹಿಡಿದು, ಇದು ೧೫೨೦ರ ಸುಮಾರಿನ ಕನ್ನಡಕವೆಂದು ವಿದ್ವಾಂಸರ ಲಕ್ಷ್ಯಕ್ಕೆ ತಂದರು. ನಮ್ಮ ದೇಶದ ಕನ್ನಡಕದ ಅತಿ ಹಳೆಯ ಉಲ್ಲೇಖಗಳಲ್ಲಿ ಇದು ಒಂದು.

ಆ ಪದವನ್ನು ಸ್ವಲ್ಪ ನಿಂತು ನೋಡಬೇಕು. ‘ಉಪ’ ಎಂದರೆ ಹತ್ತಿರದ್ದು, ನೆರವಿಗೆ ನಿಂತದ್ದು, ‘ಲೋಚನ’ ಕಣ್ಣು, ‘ಗೋಲಕ’ ದುಂಡಗಿನದು. ಕಣ್ಣಿಗೆ ಒತ್ತಾಸೆಯಾಗಿ ನಿಂತ ದುಂಡನೆಯ ವಸ್ತು. ಕಂಡರಿಯದ ಸಾಮಾನು ಎದುರಿಗೆ ಬಂದಾಗ ಕವಿ ತನ್ನ ಕೈಯಲ್ಲಿದ್ದ ಪದಗಳನ್ನೇ ಜೋಡಿಸಿ ಅದಕ್ಕೊಂದು ಹೆಸರು ಕಟ್ಟಿದಂತೆ ನನಗೆ ತೋರುತ್ತದೆ. ಪೋರ್ತುಗೀಜರು ಗೋವೆಯನ್ನು ಹಿಡಿದದ್ದು ೧೫೧೦ರಲ್ಲಿ. ಅವರ ಕುದುರೆಗಳು ವಿಜಯನಗರಕ್ಕೆ ಬರುತ್ತಿದ್ದವು. ಕುದುರೆಯ ಹಿಂದೆ ಇಂಥ ಅಪೂರ್ವದ ಸಾಮಾನುಗಳೂ ಘಟ್ಟ ಹತ್ತಿ ಬಂದಿರಬೇಕು. ಸ್ಫಟಿಕವನ್ನು ಕಡೆಯಬಲ್ಲ ನಮ್ಮ ಕುಶಲಿಗರೇ ಇದನ್ನು ಮಾಡಿರಬಾರದೇಕೆ ಎಂದು ವಾದಿಸಿದವರೂ ಇದ್ದಾರೆ. ಕಾಲವನ್ನು ನೋಡಿದರೆ ಮೊದಲಿನ ಮಾತೇ ನನಗೆ ಹೆಚ್ಚು ಸಂಭವವೆನಿಸುತ್ತದೆ.

ಅದೇನೇ ಇರಲಿ, ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ. ೧೫೨೦ರ ಹೊತ್ತಿಗೆ ವ್ಯಾಸರಾಯರಿಗೆ ಅರುವತ್ತೋ ಎಪ್ಪತ್ತೋ ಆಗಿದ್ದಿತು. ಹುಟ್ಟಿದ ವರ್ಷದ ಬಗ್ಗೆ ಭಿನ್ನಾಭಿಪ್ರಾಯವಿದೆ. ಆ ಗೋಲಕ ಬಂದದ್ದು ಗ್ರಂಥ ಓದುವದಕ್ಕೆ, ಅಂದರೆ ಹತ್ತಿರದ ಅಕ್ಷರಕ್ಕೆ. ಅದು ಮುಪ್ಪಿನ ಕಣ್ಣಿನ ಉಬ್ಬುಗಾಜೇ ಆಗಿದ್ದಿರಬೇಕು, ಚಾಳೀಸೇ ಸರಿ. ಆ ಮಠದಲ್ಲಿಯೇ ಹತ್ತು ಹೆಜ್ಜೆಯಾಚೆ ಕುಳಿತು, ಗುರುಗಳ ಮುಖವೂ ಸರಿಯಾಗಿ ಕಾಣದೆ, ಕಣ್ಣು ಕಿರಿದು ಮಾಡಿ ಆಲಿಸುತ್ತಿದ್ದ ಹದಿಹರೆಯದ ಶಿಷ್ಯನೊಬ್ಬನಿದ್ದಿದ್ದರೆ, ಆ ಗೋಲಕವನ್ನು ಅವನ ಕಣ್ಣಿಗಿಟ್ಟರೆ ಮಸುಕು ಇನ್ನಷ್ಟು ಹೆಚ್ಚುತ್ತಿದ್ದಿತು. ಅವನಿಗೆ ಬೇಕಾದದ್ದು ನಡುವೆ ತಗ್ಗಾದ ಗಾಜು. ನಮ್ಮ ಪಠ್ಯಪುಸ್ತಕಗಳು ಮೊದಲನೆಯದನ್ನು ಪೀನಮಸೂರವೆಂದೂ ಎರಡನೆಯದನ್ನು ನಿಮ್ನಮಸೂರವೆಂದೂ ಕರೆಯುತ್ತವೆ. ಉಬ್ಬುಗಾಜು, ತಗ್ಗುಗಾಜು ಎಂದರೆ ಸಾಕು.

ಇಲ್ಲಿ ಪದದ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ಹತ್ತಿರದ್ದು ನೆಟ್ಟಗೆ ಕಂಡು ದೂರದ್ದು ಮಸುಕಾದರೆ ಅದಕ್ಕೆ ಸಮೀಪದೃಷ್ಟಿ ಎನ್ನುವರು. ದೋಷಕ್ಕೆ ಇಟ್ಟದ್ದು ಉಳಿದುದರ ಹೆಸರು, ಕಳೆದುಹೋದುದರದಲ್ಲ. ಇದಿರುಮುರಿಯಾದದ್ದು ದೂರದೃಷ್ಟಿ. ಮುಖಂಡರನ್ನು ದೂರದೃಷ್ಟಿಯುಳ್ಳವರೆಂದು ಹೊಗಳುವ ನಾವು ಕಣ್ಣಿನ ವೈದ್ಯರ ಮುಂದೆ ಅದೇ ಮಾತನ್ನಾಡಿದರೆ ಅವರು ಉಬ್ಬುಗಾಜಿನ ಪೆಟ್ಟಿಗೆಗೆ ಕೈಹಾಕಿಯಾರು! ಗ್ರೀಕರು ಸಮೀಪದೃಷ್ಟಿಗೆ ಕೊಟ್ಟ ಹೆಸರು ಕಣ್ಣು ಮುಚ್ಚುವದೆಂಬ ಅರ್ಥದ ಧಾತುವಿನಿಂದ ಬಂದದ್ದು. ರೆಪ್ಪೆಯನ್ನು ಕಿರಿದು ಮಾಡಿ ನೋಡುವ ಚರ್ಯೆಯೇ ಅವರಿಗೆ ರೋಗದ ಗುರುತಾಗಿದ್ದಿತು. ಹೆಸರಿಡುವದರಲ್ಲಿ ಅವರು ನಮಗಿಂತ ಸೂಕ್ಷ್ಮವಾಗಿದ್ದರೆಂದು ಒಪ್ಪಬೇಕು.

ಕನ್ನಡಕ ಮೊದಲು ಹುಟ್ಟಿದ್ದು ಇಟಲಿಯಲ್ಲಿ, ಪೀಸಾ ಪಟ್ಟಣದ ಸುತ್ತಿನಲ್ಲಿ, ೧೨೮೬ರ ಸುಮಾರಿಗೆ. ಅದೂ ಉಬ್ಬುಗಾಜಿನದೇ, ವಯಸ್ಸಾದವರ ಓದಿಗೆ. ತಗ್ಗುಗಾಜು ಬರಲು ಮತ್ತೆ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಹೋಯಿತು. ೧೪೬೨ರಲ್ಲಿ ಮಿಲಾನಿನ ದೊರೆ ಫ್ರಾಂಚೆಸ್ಕೊ ಸ್ಫೋರ್ಜಾ ಎಂಬವನು ಫ್ಲಾರೆನ್ಸಿನಲ್ಲಿದ್ದ ತನ್ನ ರಾಯಭಾರಿಗೆ ಒಂದು ಪತ್ರ ಬರೆಸಿದನು. ಮೂರು ಡಜನ್ನು ಕನ್ನಡಕ ಕಳಿಸು. ಒಂದು ಡಜನ್ನು ದೂರ ನೋಡಲು, ಅಂದರೆ ತರುಣರಿಗೆ. ಒಂದು ಡಜನ್ನು ಹತ್ತಿರ ನೋಡಲು, ಅಂದರೆ ಮುದುಕರಿಗೆ. ಇನ್ನೊಂದು ಡಜನ್ನು ಸಾಧಾರಣ ಕಣ್ಣಿನವರಿಗೆ. ಸಾಧಾರಣ ಕಣ್ಣಿನವರಿಗೆ ಕನ್ನಡಕವೇಕೆ? ಆಸ್ಥಾನಿಕರ ಷೋಕಿಗೇ ಇರಬೇಕು. ನಗೆ ಹಾಗಿರಲಿ, ದೂರ ಕಾಣದ ತರುಣನಿಗೂ ಗಾಜು ಉಂಟೆಂಬುದಕ್ಕೆ ಈ ಪತ್ರ ಗಟ್ಟಿಯಾದ ಸಾಕ್ಷಿ. ನಾಲ್ಕು ವರ್ಷಗಳ ತರುವಾಯ, ೧೪೬೬ರಲ್ಲಿ, ಅವನ ಮಗ ಇನ್ನೂರು ಕನ್ನಡಕಗಳನ್ನು ತರಿಸಿದನು. ಮುದುಕರ ಗಾಜುಗಳನ್ನು ಮೂವತ್ತು ವರ್ಷದಿಂದ ಎಪ್ಪತ್ತರವರೆಗೆ ಐದೈದು ವರ್ಷಗಳ ಮೆಟ್ಟಿಲು ಕಟ್ಟಿ ಬೇಡಿದ್ದನು. ಅಂದರೆ ಅಲ್ಲಿಯೂ ವಯಸ್ಸೇ ನಂಬರು! ನಮ್ಮ ಚಾಳೀಸಿನ ಬಂಧುಗಳು ಇಟಲಿಯಲ್ಲಿಯೂ ಇದ್ದರು.

ವಯಸ್ಸನ್ನು ನಂಬರು ಮಾಡಿದ ಈ ಪದ್ಧತಿ ಮುಪ್ಪಿನ ಕಣ್ಣಿಗೆ ಹೇಗೋ ಸಾಗುತ್ತದೆ. ಎಲ್ಲರ ಕಣ್ಣೂ ಹೆಚ್ಚುಕಡಮೆ ಒಂದೇ ವಯಸ್ಸಿಗೆ ಸೋಲುತ್ತದೆ. ಸಮೀಪದೃಷ್ಟಿಗೆ ಅದು ಸಾಗದು. ಹತ್ತು ವರ್ಷದ ಒಬ್ಬ ಹುಡುಗನಿಗೆ ಮಾರುದೂರ ಕಾಣುತ್ತದೆ, ಅದೇ ವಯಸ್ಸಿನ ಮತ್ತೊಬ್ಬನಿಗೆ ಗೇಣುದೂರ. ಅವರ ಕಣ್ಣಿಗೆ ವಯಸ್ಸಿಲ್ಲದ ಬೇರೆ ಅಳತೆಗೋಲು ಬೇಕು. ಅದಕ್ಕೆ ದಾರಿ ಮಾಡಿದವನು ಗ್ರಹಗಳ ಗತಿಯನ್ನು ಗಣಿಸಿದ ಜರ್ಮನ್ ಜ್ಯೋತಿರ್ವಿದ ಕೆಪ್ಲರ್. ೧೬೦೪ರಲ್ಲಿ ಅವನು ಬಿಂಬ ಬೀಳುವದು ಕಣ್ಣಿನ ಹಿಂಬದಿಯ ಪರದೆಯ ಮೇಲೆ ಎಂದು ತೋರಿಸಿದನು. ಸಮೀಪದೃಷ್ಟಿಯವರಲ್ಲಿ ದೂರದಿಂದ ಬಂದ ಕಿರಣಗಳು ಆ ಪರದೆಯನ್ನು ಮುಟ್ಟುವ ಮೊದಲೇ ಕೂಡಿಬಿಡುತ್ತವೆಂದೂ ಹೇಳಿದನು. ಕಣ್ಣುಗುಡ್ಡೆ ಬೇಕಾದದ್ದಕ್ಕಿಂತ ತುಸು ಉದ್ದವಾಗಿ ಬೆಳೆಯುವದು ಇದಕ್ಕೆ ಸಾಮಾನ್ಯ ಕಾರಣವೆಂದು ಈಗ ತಿಳಿದಿದೆ. ದೊಡ್ಡವರ ಕಣ್ಣುಗುಡ್ಡೆಯ ಉದ್ದ ಸುಮಾರು ೨೪ ಮಿಲಿಮೀಟರು. ಒಂದು ಮಿಲಿಮೀಟರು ಹೆಚ್ಚಾದರೆ ಸಾಕು, ಎರಡೂವರೆಯಿಂದ ಮೂರು ನಂಬರು ಬಂದುಬಿಡುತ್ತದೆ. ರಾಗಿಯ ಹಿರಿಮೆಯನ್ನು ಕಾವ್ಯ ಮಾಡಿದ ಕನಕದಾಸರ ಸೀಮೆಯವರಿಗೆ ಹೇಳುವದಾದರೆ, ಒಂದು ರಾಗಿಕಾಳಿನಷ್ಟು ಉದ್ದ!

ಗಾಜಿಗೆ ನಂಬರು ಹಾಕುವ ಮಾತಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಕನ್ನಡಕದವರು ಇಂಚಿನ ನಂಬರು ಬಳಸುತ್ತಿದ್ದರು. ಅದು ಬಹಳ ನೇರವಾದ ಲೆಕ್ಕ. ಇಪ್ಪತ್ತು ನಂಬರಿನ ತಗ್ಗುಗಾಜು ಎಂದರೆ ಇಪ್ಪತ್ತು ಇಂಚಿನವರೆಗೆ ಮಾತ್ರ ಸ್ಪಷ್ಟವಾಗಿ ಕಾಣುವವನ ಗಾಜು. ಹತ್ತು ನಂಬರು ಎಂದರೆ ಹತ್ತೇ ಇಂಚು ಕಾಣುವವನದು. ನಂಬರೇ ದೂರ, ದೂರವೇ ನಂಬರು. ಅಲ್ಲಿ ದೊಡ್ಡ ನಂಬರು ಒಳ್ಳೆಯ ಕಣ್ಣಿನ ಲಕ್ಷಣ, ಇಂದಿನದಕ್ಕೆ ತಿರುಗಾಮುರುಗಾ.

ಇಷ್ಟು ಸುಲಭವಾದುದನ್ನು ಏಕೆ ಬಿಟ್ಟರು? ಎರಡು ತೊಂದರೆಗಳಿದ್ದವು. ಪ್ಯಾರಿಸಿನ ಇಂಚು ೨೭ ಮಿಲಿಮೀಟರು, ಇಂಗ್ಲಿಷರ ಇಂಚು ೨೫.೪. ಒಂದು ದೇಶದ ಹತ್ತು ನಂಬರು ಮತ್ತೊಂದು ದೇಶದ ಹತ್ತು ನಂಬರಲ್ಲ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೫೬ರ ನವಂಬರದವರೆಗೆ ರಾಣೇಬೆನ್ನೂರು ಮುಂಬಯಿ ರಾಜ್ಯದಲ್ಲಿಯೂ ತುಂಗಭದ್ರೆಯಾಚೆಯ ಹರಿಹರ ಮೈಸೂರಿನಲ್ಲಿಯೂ ಇದ್ದವು; ಸೇತುವೆ ದಾಟಿದರೆ ಸೇರು ಬೇರೆ, ಮಣ ಬೇರೆ. ಇನ್ನೊಂದು ತೊಂದರೆ ಕೂಡಿಸುವ ಲೆಕ್ಕದ್ದು. ಕಣ್ಣು ತಪಾಸಣೆ ಮಾಡುವಾಗ ವೈದ್ಯರು ಒಂದು ಗಾಜಿನ ಮೇಲೆ ಮತ್ತೊಂದನ್ನಿಟ್ಟು ನೋಡುತ್ತಾರೆ. ಇಪ್ಪತ್ತು ಇಂಚಿನ ಗಾಜಿನ ಮೇಲೆ ಹತ್ತು ಇಂಚಿನದನ್ನಿಟ್ಟರೆ ಮೂವತ್ತಾಗುವದಿಲ್ಲ. ಇಪ್ಪತ್ತರಲ್ಲೊಂದು ಪಾಲಿಗೆ ಹತ್ತರಲ್ಲೊಂದು ಪಾಲು ಕೂಡಿ ಆರೂಮುಕ್ಕಾಲು ಇಂಚಿಗೆ ಹತ್ತಿರ ಬರುತ್ತದೆ. ರೋಗಿಯನ್ನು ಎದುರಿಗೆ ಕೂಡಿಸಿಕೊಂಡು ಭಿನ್ನರಾಶಿಯ ಲೆಕ್ಕ ಮಾಡುವದು ಯಾರಿಗೆ ಬೇಕು!

ಅದಕ್ಕಾಗಿ ೧೮೭೨ರಲ್ಲಿ ಮೊನೊಯೆ ಎಂಬ ಫ್ರೆಂಚ್ ನೇತ್ರವೈದ್ಯನು ದೂರವನ್ನು ಮೀಟರಿನಲ್ಲಿ ಅಳೆದು, ಒಂದನ್ನು ಆ ಅಳತೆಯಿಂದ ಭಾಗಿಸಿ, ಬಂದುದನ್ನೇ ನಂಬರು ಮಾಡೋಣವೆಂದನು. ಅದಕ್ಕೆ ಡಯಾಪ್ಟರ್ ಎಂದು ಹೆಸರಿಟ್ಟನು. ೧೮೭೫ರಲ್ಲಿ ಬ್ರಸೆಲ್ಸಿನಲ್ಲಿ ಕೂಡಿದ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನ ಅದನ್ನು ಒಪ್ಪಿಕೊಂಡಿತು. ಈಗ ಇಪ್ಪತ್ತು ಇಂಚಿನ ಗಾಜು ಎರಡು, ಹತ್ತು ಇಂಚಿನದು ನಾಲ್ಕು. ಎರಡನ್ನೂ ಕೂಡಿಸಿದರೆ ಆರು. ಬಾಯಿಲೆಕ್ಕ. ಅನುಕೂಲ ವೈದ್ಯರಿಗಾಯಿತು, ಚೀಟಿಯನ್ನು ಮನೆಗೆ ಒಯ್ಯುವವನಿಗೆ ಮಾತ್ರ ನಂಬರಿನೊಳಗಿನ ದೂರ ಮರೆಯಾಯಿತು. ಸ್ವಾರಸ್ಯವೆಂದರೆ, ಭಾರತ ಮೆಟ್ರಿಕ್ ಅಳತೆಯ ಕಾಯದೆ ಮಾಡಿದ್ದು ೧೯೫೬ರಲ್ಲಿ. ಅರಿವೆ ಅಂಗಡಿಯಲ್ಲಿ ಗಜಕಡ್ಡಿ ಓಡಾಡುತ್ತಿದ್ದಾಗಲೇ ಕನ್ನಡಕದ ಚೀಟಿಗೆ ಮೀಟರು ಬಂದು ಕುಳಿತಿದ್ದಿತು.

ಮರೆಯಾದ ದೂರವನ್ನು ಹೊರಗೆ ತರುವದು ಕಷ್ಟವಲ್ಲ. ನೂರನ್ನು ನಂಬರಿನಿಂದ ಭಾಗಿಸಿದರೆ ಅಷ್ಟು ಸೆಂಟಿಮೀಟರು. ಸಮೀಪದೃಷ್ಟಿಯ ಕಣ್ಣು ಕನ್ನಡಕವಿಲ್ಲದೆ ಅಲ್ಲಿಯವರೆಗೆ ತಿಳಿಯಾಗಿ ನೋಡುವದು, ಅದರಾಚೆ ಮಸುಕು. ನಮ್ಮ ಹಳೆಯ ಅಳತೆಗಳಲ್ಲಿ ಹೇಳೋಣ. ಒಂದು ಮಾರು, ಅಂದರೆ ಆರು ಅಡಿ, ಕಾಣುವವನಿಗೆ ಅರ್ಧ ನಂಬರಿಗಿಂತ ತುಸು ಹೆಚ್ಚು. ಒಂದು ಗಜ ಕಾಣುವವನಿಗೆ ಒಂದಕ್ಕಿಂತ ತುಸು ಹೆಚ್ಚು. ಮೊಳ ಕಾಣುವವನಿಗೆ ಎರಡೂಕಾಲಿನ ಹತ್ತಿರ. ಗೇಣು ಕಾಣುವವನಿಗೆ ನಾಲ್ಕೂವರೆಯ ಹತ್ತಿರ. ನಾಲ್ಕು ಬೆರಳಷ್ಟೇ ಕಾಣುವವನಿಗೆ ಹದಿಮೂರು. ಕನ್ನಡಕದ ಗಾಜುಗಳು ಕಾಲುಕಾಲು ನಂಬರಿನ ಮೆಟ್ಟಿಲಿನಲ್ಲಿ ಬರುವದರಿಂದ ವೈದ್ಯರು ಹತ್ತಿರದ ಮೆಟ್ಟಿಲನ್ನು ಆರಿಸುತ್ತಾರೆ.

ಗಾಜು ಮಾಡುವ ಕೆಲಸವೂ ಇದರಿಂದಲೇ ತಿಳಿಯುತ್ತದೆ. ಮೊಳ ಕಾಣುವವನ ಮೂಗಿನ ಮೇಲೆ ಅವನ ತಗ್ಗುಗಾಜು ಕುಳಿತರೆ, ದೂರದಲ್ಲಿರುವ ಗುಡ್ಡದ ಬಿಂಬ, ಗುಡಿಯ ಕಳಸದ ಬಿಂಬ, ಆಕಾಶದ ಚಿಕ್ಕೆಯ ಬಿಂಬ, ಎಲ್ಲವೂ ಅವನ ಒಂದು ಮೊಳದ ಅಂತರದಲ್ಲಿ ಇರುವಂತಾಗುತ್ತವೆ. ಅವನ ಕಣ್ಣು ಬದಲಾಗಿಲ್ಲ. ಅದು ಮೊದಲಿನಂತೆ ತನ್ನ ಮೊಳವನ್ನೇ ನೋಡುತ್ತದೆ. ಲೋಕವನ್ನು ಆ ಮೊಳದೊಳಗೆ ತಂದುಕೊಡುವದಷ್ಟೇ ಗಾಜಿನ ಉದ್ಯೋಗ.

ಇನ್ನೊಂದು ಗುಟ್ಟಿದೆ, ತಲೆಕೆಳಗಾದ ಅಳತೆಯಿಂದ ಹುಟ್ಟಿದ್ದು. ನಂಬರು ಆರರಿಂದ ಆರೂವರೆಗೆ ಏರಿದರೆ ತಾಯಿತಂದೆಗಳು ಗಾಬರಿಯಾಗುತ್ತಾರೆ. ಲೆಕ್ಕ ಮಾಡಿ ನೋಡಿದರೆ ಮಗು ಕಳೆದುಕೊಂಡ ದೂರ ಒಂದೂಕಾಲು ಸೆಂಟಿಮೀಟರು; ಒಂದು ಬೆರಳಿನ ಅಗಲವೂ ಆಗದು. ಅದೇ ಅರ್ಧದಿಂದ ಒಂದಕ್ಕೆ ಏರಿದರೆ ಕಳೆದದ್ದು ಪೂರ್ತಿ ಒಂದು ಮೀಟರು. ಇನ್ನು ಏನೂ ಇಲ್ಲದ ಕಣ್ಣಿಗೆ ಅರ್ಧ ಬಂದರೆ? ಚುಕ್ಕಿಯವರೆಗೆ ಹರಿಯುತ್ತಿದ್ದ ನೋಟ ಎರಡು ಮೀಟರಿಗೆ ಬಂದು ನಿಂತಿತು. “ಅರ್ಧ ನಂಬರ ಅಷ್ಟ, ಏನೂ ಇಲ್ಲ” ಎನ್ನುವ ಅರ್ಧ ಅದು! ಮಸುಕು ಒಮ್ಮೆಲೇ ಕವಿಯುವದಿಲ್ಲವೆಂಬುದು ನಿಜ. ಅರ್ಧ ನಂಬರಿನ ಹುಡುಗ ಹಲಗೆಯ ಮೇಲಿನ ದಪ್ಪ ಅಕ್ಷರಗಳನ್ನು ಓದಿಯಾನು. ಒಂದೂವರೆಯವನಿಗೆ ಆ ಮಾತಿಲ್ಲ. ಹಾಗೆಂದು ದೊಡ್ಡ ನಂಬರನ್ನು ಕಡೆಗಣಿಸಲಾಗದು. ಬಹಳ ಉದ್ದವಾದ ಕಣ್ಣುಗುಡ್ಡೆಯಲ್ಲಿ ಹಿಂಬದಿಯ ಪರದೆ ತೆಳುವಾಗಿ ಬೇರೆ ಕೇಡುಗಳಿಗೆ ಎಡೆಯಾಗುತ್ತದೆ. ಅದು ವೈದ್ಯರ ಕಣ್ಗಾವಲಿನಲ್ಲಿಯೇ ಇರಬೇಕಾದ ಕಣ್ಣು.

ಹಾಗಾದರೆ ನಮ್ಮ ಹಿಂದಿನವರಲ್ಲಿ ಸಮೀಪದೃಷ್ಟಿ ಇರಲಿಲ್ಲವೇ? ಈಗಿನಷ್ಟು ಇರಲಿಕ್ಕಿಲ್ಲ, ಆದರೂ ಇದ್ದಿತು. ಅದು ಬೈಲಿಗೆ ಬೀಳುವ ಪ್ರಸಂಗಗಳು ಕಡಮೆಯಿದ್ದವು. ಗಾವಟಿ ಶಾಲೆಯ ಹುಡುಗ ಉಸುಕಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದನು. ಅಕ್ಷರ ಅವನ ಮೊಣಕಾಲ ಮುಂದೆಯೇ ಇದ್ದಿತು. ಅಂಗಡಿಕಾರನ ಲೆಕ್ಕ ಕಡತದಲ್ಲಿ, ಅಂದರೆ ಹುಣಿಸೆಬೀಜದ ಸರಿಯನ್ನೂ ಇದ್ದಲಿಯ ಪುಡಿಯನ್ನೂ ಬಳಿದು ಗಟ್ಟಿಮಾಡಿದ ಕರಿಬಟ್ಟೆಯ ಮಡಿಕೆಯಲ್ಲಿ, ಬಳಪದಿಂದ ಬರೆದದ್ದು. ಪುರಾಣ ಹೇಳುವವರ ತಾಳೆಗರಿ ಮಡಿಲಿನಲ್ಲಿ. ಎಲ್ಲವೂ ಮೊಳದೊಳಗಿನ ಲೋಕ. ಬ್ಯಾಡಗಿಯ ಪೇಟೆಗೆ ಹೋಗಿ ನೋಡಬಹುದು. ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಆ ಮೆಣಸಿನಕಾಯಿಯನ್ನು ದಲಾಲನು ಬೊಗಸೆಯಲ್ಲೆತ್ತಿ, ಬಣ್ಣ ನೋಡಿ, ಸುಕ್ಕು ನೋಡಿ, ಮೂಸಿ ಬೆಲೆ ಕಟ್ಟುತ್ತಾನೆ. ಎರಡು ನಂಬರಿನ ಸಮೀಪದೃಷ್ಟಿಯವನು ಕನ್ನಡಕವಿಲ್ಲದೆ ಜೀವಮಾನವೆಲ್ಲ ಆ ವ್ಯಾಪಾರ ಮಾಡಿ ಗಂಟು ಮಾಡಬಹುದು. ತನ್ನ ಕಣ್ಣಿಗೆ ಊನವಿದೆಯೆಂದು ಅವನಿಗೆ ತಿಳಿಯುವದೇ ಇಲ್ಲ. ರಾಣೇಬೆನ್ನೂರಿನ ಸುತ್ತಿನ ಬೀಜದ ಹೊಲಗಳಲ್ಲಿಯೂ ಹೀಗೆಯೇ. ಧಾರವಾಡದಲ್ಲಿ ಡಾ. ಕಾತರಕಿಯವರು ೧೯೭೨ರಲ್ಲಿ ವರಲಕ್ಷ್ಮಿ ಸಂಕರಣ ಹತ್ತಿಯನ್ನು ಹೊರತಂದ ಮೇಲೆ ಬೆಳೆದುಬಂದ ಕಸುಬು ಅದು. ಸಂಜೆ ಮೊಗ್ಗು ಬಿಡಿಸಿ ಕೇಸರ ಕೀಳುವದು, ಮರುದಿನ ಮುಂಜಾನೆ ಬೇರೆ ಹೂವಿನ ಪರಾಗ ಮುಟ್ಟಿಸುವದು, ಗೇಣಿನೊಳಗಿನ ಕೆಲಸ.

ಈ ಲೋಕದ ನಡುವೆ ಗೋಡೆಯ ಮೇಲೆ ಕರಿಹಲಗೆ ಬಂದಿತು. ಡೆಪ್ಯೂಟಿ ಚೆನ್ನಬಸಪ್ಪನವರಂಥ (೧೮೩೪–೧೮೮೧) ಹಿರಿಯರ ಸಾಹಸದಿಂದ ನಮ್ಮ ಕಡೆ ಕನ್ನಡ ಶಾಲೆಗಳು ಹೆಚ್ಚಿದವು. ಶಾಲೆಯೊಡನೆ ಹಲಗೆಯೂ ಹಳ್ಳಿಗೆ ಹೋಯಿತು. ಮಡಿಲಲ್ಲಿದ್ದ ಅಕ್ಷರ ಇಪ್ಪತ್ತು ಅಡಿ ದೂರ ಸರಿಯಿತು. ಮೊಳದ ಕಣ್ಣಿನ ಹುಡುಗ ಅಂದು ಮೊದಲ ಸಲ ಸೋತನು. ಅವನ ಸೋಲಿಗೆ ಕಣ್ಣಿನ ಹೆಸರು ಬರಲಿಲ್ಲ; ಬುದ್ಧಿಯ ಹೆಸರು ಬಂದಿತು. ಮೂವತ್ತು ವರ್ಷ ಹಲಗೆಯ ಮುಂದೆ ನಿಂತವನಾಗಿ ಹೇಳುತ್ತೇನೆ: ನೆರೆಯವನ ವಹಿ ನೋಡಿ ಬರೆಯುವವನನ್ನು ಕಳ್ಳನೆಂದೂ, ಹಲಗೆಯ ಲೆಕ್ಕವನ್ನು ತಪ್ಪಾಗಿ ಇಳಿಸಿಕೊಂಡವನನ್ನು ದಡ್ಡನೆಂದೂ ಕರೆಯುವದು ಬಹಳ ಸುಲಭ. ಅವನನ್ನೇ ಮುಂದಿನ ಮಣೆಗೆ ಕರೆದು, ಮೂರನ್ನೋ ಎಂಟನ್ನೋ ತೋರಿಸಿ ಕೇಳುವದು ಅಷ್ಟೇನೂ ಕಷ್ಟವಲ್ಲ.

ದೂರದ ಕಣ್ಣನ್ನು ಪರೀಕ್ಷಿಸುವ ಅಕ್ಷರಪಟವನ್ನು ಮಾಡಿದವನು ಹಾಲೆಂಡಿನ ಯುಟ್ರೆಕ್ಟಿನ ಸ್ನೆಲೆನ್, ೧೮೬೨ರಲ್ಲಿ. ಆರು ಮೀಟರು, ಅಂದರೆ ಇಪ್ಪತ್ತು ಅಡಿಯಿಂದ ಓದಿಸುವದು ರೂಢಿ. ‘೬/೧೮’ ಎಂದು ಬರೆದರೆ, ಸರಿಯಾದ ಕಣ್ಣು ಹದಿನೆಂಟು ಮೀಟರಿನಿಂದ ಓದುವ ಅಕ್ಷರವನ್ನು ಈ ಕಣ್ಣು ಆರು ಮೀಟರಿಗೆ ಬಂದು ಓದಿತು ಎಂದರ್ಥ. ಇದು ಕನ್ನಡಕದ ನಂಬರಲ್ಲ; ಎರಡನ್ನೂ ಕಲಸಿಕೊಳ್ಳಬಾರದು. ಇದು ಕಣ್ಣಿನ ಸೋಲಿನ ಲೆಕ್ಕ, ಅದು ಗಾಜಿನ ಲೆಕ್ಕ. ೧೯೭೬ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಂದ ಮೇಲೆ ಶಾಲಾಮಕ್ಕಳ ಕಣ್ಣು ತಪಾಸಣೆಯೂ ಅದರೊಳಗೆ ಸೇರಿಕೊಂಡಿತು. ಅಲ್ಲಿಯತನಕ ನಮ್ಮ ಜನಕ್ಕೆ ಕಣ್ಣಿನ ವೈದ್ಯವೆಂದರೆ ಪೊರೆಯ ಶಸ್ತ್ರಕ್ರಿಯೆ. ಬೀಳಗಿಯ ಡಾ. ಎಂ. ಸಿ. ಮೋದಿಯವರ ಶಿಬಿರಗಳು ಲಕ್ಷಾಂತರ ಮುದುಕರಿಗೆ ಬೆಳಕು ಕೊಟ್ಟವು. ಆ ಕಾಲದಲ್ಲಿ ಪೊರೆ ತೆಗೆಸಿಕೊಂಡವರ ಮೂಗಿನ ಮೇಲೆ ಕೂಡುತ್ತಿದ್ದ ದಪ್ಪ ಗಾಜು ಹತ್ತು ನಂಬರಿನ ಹತ್ತಿರದ ಉಬ್ಬುಗಾಜು; ಈಗ ಕಣ್ಣಿನೊಳಗೇ ಮಸೂರ ಕೂಡಿಸುವದರಿಂದ ಅದು ಕಾಣೆಯಾಗಿದೆ.

ಮನೆಯಲ್ಲಿ ಒಂದು ನೂಲು ಸಾಕು. ಒಂದು ಕಣ್ಣು ಮುಚ್ಚಿಸಿ, ನೂಲಿನ ತುದಿಯನ್ನು ಇನ್ನೊಂದು ಕಣ್ಣಿನ ಮಗ್ಗುಲಿಗೆ ಹಿಡಿದು, ಸಣ್ಣ ಅಚ್ಚಿನ ಹಾಳೆಯನ್ನು ಮೆಲ್ಲಗೆ ದೂರ ಒಯ್ಯಬೇಕು. ಅಂಚು ಮಸುಕಾಗತೊಡಗಿದ ಕಡೆ ಗಂಟು ಹಾಕಿ, ಸೆಂಟಿಮೀಟರು ಎಣಿಸಿ, ನೂರನ್ನು ಅದರಿಂದ ಭಾಗಿಸಿದರೆ ನಂಬರಿನ ಹೊಳಹು ಸಿಗುತ್ತದೆ. ಹೊಳಹು ಮಾತ್ರ. ಚೀಟಿಯಲ್ಲಿ ಸಿಲಿಂಡರು ಎಂದು ಬರೆಯುವ ಓರೆದೋಷ ನೂಲಿಗೆ ಸಿಕ್ಕದು. ಮಕ್ಕಳ ಕಣ್ಣಿನ ಸ್ನಾಯು ಬಿಗಿಹಿಡಿದುಕೊಂಡು ಸುಳ್ಳು ನಂಬರು ತೋರಿಸುವದೂ ಉಂಟು; ಅದಕ್ಕಾಗಿಯೇ ವೈದ್ಯರು ಹನಿ ಹಾಕಿ ನೋಡುತ್ತಾರೆ. ನೂಲು ಹುಡುಗನನ್ನು ವೈದ್ಯರ ಬಾಗಿಲಿಗೆ ಕರೆದೊಯ್ಯಲಿಕ್ಕೆ, ಕನ್ನಡಕದ ಅಂಗಡಿಗಲ್ಲ.

ಕನ್ನಡಕ ಹಾಕಿದರೆ ನಂಬರು ಏರುತ್ತದೆ, ಕಡಮೆ ನಂಬರಿನದನ್ನೇ ಕೊಡಿಸೋಣ ಎಂಬ ಮಾತು ನಮ್ಮಲ್ಲಿ ಬೇರುಬಿಟ್ಟಿದೆ. ಮಲೇಷಿಯಾದಲ್ಲಿ ಇದನ್ನು ಪರೀಕ್ಷೆಗೇ ಹಚ್ಚಿದರು. ಕೆಲವು ಮಕ್ಕಳಿಗೆ ಪೂರ್ತಿ ನಂಬರಿನ ಗಾಜು, ಕೆಲವರಿಗೆ ಮುಕ್ಕಾಲು ನಂಬರು ಕಡಮೆಯದು. ಎರಡು ವರ್ಷಗಳ ಮೇಲೆ ನೋಡಿದರೆ ಕಡಮೆ ಕೊಟ್ಟವರಲ್ಲಿ ಸರಾಸರಿ ಒಂದು ನಂಬರು ಏರಿದ್ದಿತು, ಪೂರ್ತಿ ಕೊಟ್ಟವರಲ್ಲಿ ೦.೭೭. ಈ ಫಲಿತಾಂಶ ೨೦೦೨ರಲ್ಲಿ ಪ್ರಕಟವಾಯಿತು. ಚೀನದ ಗ್ವಾಂಗ್‌ಝೌ ನಗರದ ಹನ್ನೆರಡು ಶಾಲೆಗಳಲ್ಲಿ ಮಾಡಿದ ಪ್ರಯೋಗ ಇನ್ನೂ ಕುತೂಹಲದ್ದು. ಆರು ಶಾಲೆಗಳ ಒಂದನೆಯ ಇಯತ್ತೆಯ ಮಕ್ಕಳನ್ನು ದಿನಕ್ಕೆ ನಾಲ್ವತ್ತು ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರು; ಉಳಿದ ಆರರಲ್ಲಿ ಬಿಡಲಿಲ್ಲ. ಮೂರು ವರ್ಷಗಳಲ್ಲಿ ಬಯಲಿನ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ನೂರಕ್ಕೆ ೩೦.೪, ಉಳಿದವರಲ್ಲಿ ೩೯.೫. ಇದು ೨೦೧೫ರ ವರದಿ. ಆಟದ ಅವಧಿಯನ್ನು ಕಿತ್ತು ಗಣಿತಕ್ಕೆ ಕೊಡುವ ವೇಳಾಪತ್ರಿಕೆಗಳನ್ನು ಕಂಡಾಗಲೆಲ್ಲ ನನಗೆ ಈ ಎರಡು ಅಂಕಿಗಳು ನೆನಪಾಗುತ್ತವೆ.

ನಾಲ್ವತ್ತರ ಗಾಜಿನ ಬಗ್ಗೆಯೂ ಎರಡು ಮಾತು ಉಳಿದಿವೆ. ಸ್ನೆಲೆನ್ನನ ಊರಿನವನೇ ಆದ ಡೊಂಡರ್ಸ್ ೧೮೬೪ರಲ್ಲಿ ಹೊರತಂದ ಗ್ರಂಥ ಈ ಶಾಸ್ತ್ರಕ್ಕೆ ತಳಹದಿಯಾಯಿತು. ಸರಿಯಾದ ಕಣ್ಣು ಎಷ್ಟು ಹತ್ತಿರದವರೆಗೆ ಸ್ಪಷ್ಟವಾಗಿ ನೋಡಬಲ್ಲದೆಂದು ಅವನು ವಯಸ್ಸಿನಂತೆ ಅಳೆದನು. ಅವನ ಲೆಕ್ಕವನ್ನು ನಮ್ಮ ಅಳತೆಗೆ ಇಳಿಸಿದರೆ ಹತ್ತು ವರ್ಷದವನಿಗೆ ನಾಲ್ಕು ಬೆರಳು, ನಾಲ್ವತ್ತಕ್ಕೆ ಒಂದು ಗೇಣು, ಐವತ್ತಕ್ಕೆ ಹೆಚ್ಚುಕಡಮೆ ಮೊಳ, ಅರುವತ್ತಕ್ಕೆ ಗಜ ಮೀರಿತು. ಪುಸ್ತಕ ಹಿಡಿಯುವದು ಗೇಣಿಗೂ ಮೊಳಕ್ಕೂ ನಡುವೆ. ನಾಲ್ವತ್ತು ದಾಟಿದ ಮೇಲೆ ಕಣ್ಣಿನ ಗಡಿ ಪುಸ್ತಕವನ್ನು ದಾಟಿಕೊಂಡು ಹೋಗುತ್ತದೆ. ಚಾಳೀಸು ಎಂಬ ಹೆಸರನ್ನಿಟ್ಟವರು ಡೊಂಡರ್ಸನನ್ನು ಓದಿದವರಲ್ಲ. ಆದರೂ ಅವರ ಎಣಿಕೆ ತಪ್ಪಿರಲಿಲ್ಲ.

ಊರಿಗೊಬ್ಬರಾದರೂ ಇಂಥ ಅಜ್ಜಂದಿರು ಇರುತ್ತಾರೆ: “ನನಗ ಎಂಬತ್ತು ಆತು, ಇನ್ನೂ ಚಾಳೀಸು ಇಲ್ಲದ ಪಂಚಾಂಗ ಓದತೇನಿ, ಹಿಂದಿನ ಜೋಳದ ರೊಟ್ಟಿಯ ಕಸುವು!” ರೊಟ್ಟಿಯ ಮೇಲೆ ನನಗೂ ಗೌರವವಿದೆ. ಆದರೆ ಎರಡೂವರೆ ನಂಬರಿನ ಸಮೀಪದೃಷ್ಟಿಯವನಿಗೆ ಮುಪ್ಪಿನಲ್ಲಿಯೂ ನಾಲ್ವತ್ತು ಸೆಂಟಿಮೀಟರಿನ ಅಕ್ಷರ ಬರಿಗಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಅದು ಅವನ ಹುಟ್ಟುಜಾಗ. ಅಂಥ ಅಜ್ಜನನ್ನು ಹಾವೇರಿಯ ಬಸ್ ನಿಲ್ದಾಣದಲ್ಲಿ ನಿಲ್ಲಿಸಿ, ಇಪ್ಪತ್ತು ಅಡಿ ದೂರದ ಬಸ್ಸಿನ ಬೋರ್ಡು ಬ್ಯಾಡಗಿಯದೋ ರಾಣೇಬೆನ್ನೂರಿನದೋ ಓದಿ ಹೇಳಿರೆಂದು ಕೇಳಿನೋಡಬೇಕು.